ಹದಿನಾಲ್ಕನೇ ಗಿಡದ ಕೆಂಪು ಅರಿವಿ

2025ರ ಮಾರ್ಚ್ 3, ಸೋಮವಾರ. ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಇಂಡಿ ಊರಿನ ಟಾಕಿ ಓಣಿ ಪೊಲೀಸ್ ಠಾಣೆಗೆ ಹನ್ನೊಂದು ಜನ ಒಮ್ಮೆಲೇ ನುಗ್ಗಿದರು. ಮುಂದಿದ್ದವರು ನಿವೃತ್ತ ಹೆಡ್‌ಮಾಸ್ತರ ಗುರುರಾಜ ಹಲಸಂಗಿಕರ. ಕೈಯಲ್ಲಿ ಒಣಗಿದ ಒಂದು ಟೊಂಗೆ. ಅದನ್ನು ಇನ್‌ಸ್ಪೆಕ್ಟರ್ ಅಬ್ದುಲರಜಾಕನ ಟೇಬಲ್ ಮೇಲೆ ಇಟ್ಟು, "ಒಂಬತ್ತು ಕೊಲಿ ಆಗ್ಯಾವ ಸಾಹೇಬ್ರ, ಬರಕೋರಿ" ಎಂದರು.

ಹೆಡ್ ಕಾನ್‌ಸ್ಟೆಬಲ್ ಧೂಳಪ್ಪ ಪೆನ್ನು ಕೆಳಗಿಟ್ಟು ಎದ್ದೇ ನಿಂತುಬಿಟ್ಟ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಒಂದೇ ಸಲಕ್ಕೆ ಒಂಬತ್ತು ಕೊಲೆಯನ್ನು ಅವನು ಕಂಡಿರಲಿಲ್ಲ.

"ಗಿಡ್ರೀ, ಗಿಡ," ಎಂದು ಹಿಂದಿನಿಂದ ಯಾರೋ ಹೇಳಿದರು. "ಮನಶ್ಯಾರಲ್ಲ."

ಧೂಳಪ್ಪ ಕೂತ. ಆದರೆ ಮಾಸ್ತರರ ಮುಖ ಸಡಿಲಾಗಲಿಲ್ಲ. ಅವರಿಗೆ ಅದು ಕೊಲೆಯೇ.

ನೀರಿನ ಟಾಕಿಯ ಹಿಂದೆ ಪುರಸಭೆಯ ಎರಡು ಎಕರೆ ಜಾಗ ಮೊದಲು ಕಸದ ತಿಪ್ಪೆಯಾಗಿತ್ತು. ನಾಲ್ಕು ವರ್ಷದ ಹಿಂದೆ ಓಣಿಯವರೇ ಒಂದು ಬಳಗ ಕಟ್ಟಿಕೊಂಡು ಅದನ್ನು ಸ್ವಚ್ಛ ಮಾಡಿ, ಬೇಲಿ ಹಾಕಿ, ನಲವತ್ತು ಗಿಡ ನೆಟ್ಟರು. ಮನೆಗೊಂದು ಗಿಡ. ಕೆಲವರು ಅದನ್ನು ತೀರಿಕೊಂಡ ಹಿರಿಯರ ನೆನಪಿನಲ್ಲಿ ನೆಟ್ಟು ಹೆಸರಿನ ತಗಡು ಕಟ್ಟಿದ್ದರು. ನಳದಲ್ಲಿ ಐದು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಮನೆಯ ನೀರನ್ನೇ ಕೊಡದಲ್ಲಿ ಹೊತ್ತು ಬೆಳೆಸಿದ ಗಿಡಗಳು ಅವು. ಮುದ್ದೇಬಿಹಾಳದಿಂದ ಜನ ಬಂದು ನೋಡಿ ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು.

ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಅಲ್ಲಿ ಹಾಜರಿ. ಮಾಸ್ತರರು ಗಿಡದ ನಂಬರು ಕೂಗುತ್ತಾರೆ, ಸಾಕಿದವರು ಗಿಡದ ಪಕ್ಕ ನಿಂತು "ಹಾಜರ್" ಎನ್ನುತ್ತಾರೆ. ಯಾರದಾದರೂ ಗಿಡ ಒಣಗಿದರೆ ಅದಕ್ಕೆ ಕೆಂಪು ಬಟ್ಟೆಯ ಅರಿವಿ ಕಟ್ಟುವುದು, ಗೇಟಿನ ಕರಿಹಲಗೆಯ ಮೇಲೆ "ಕೊಂದವರು" ಎಂದು ಬರೆದು ಅವರ ಹೆಸರನ್ನು ನಲವತ್ತು ದಿನ ಇಡುವುದು. ಮೇಲಿಂದ ಒಂದು ತಿಂಗಳು ಬೇರೆಯವರ ಒಂಬತ್ತು ಗಿಡಕ್ಕೆ ನೀರು ಹೊರುವ ಸೇವೆ. ನಾಚಿಕೆಯಾದರೆ ಮನುಷ್ಯ ಸುಧಾರಿಸುತ್ತಾನೆ ಎಂಬುದು ಮಾಸ್ತರರ ನಂಬಿಕೆ. ಮೂವತ್ತೆರಡು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಕಲಿತ ವಿದ್ಯೆ ಅದು. ಬೆಂಚಿನ ಮೇಲೆ ನಿಂತವರನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ಯಾರ ಮ್ಯಾಲ ಸಂಶೆ ಐತ್ರಿ?" ಎಂದು ಇನ್‌ಸ್ಪೆಕ್ಟರ್ ಕೇಳಿದ.

"ಸಂಶಯ ಯಾತರದು? ಆಡಿನ ದಾವಲಮಲಿಕ. ಜನವರಿಯಾಗ ಅವನ ಆಡು ಒಳಗ ಹೊಕ್ಕಿದ್ವು. ಅವನ ಹೆಸರು ಹಲಗಿ ಮ್ಯಾಲ ಬರದ್ವಿ. 'ನಿಮ್ಮ ಗಿಡಕ್ಕ ಬೆಂಕಿ ಹತ್ತಲಿ' ಅಂತ ಬೈದು ಹೋಗ್ಯಾನ. ಎಲ್ಲಾರೂ ಕೇಳ್ಯಾರ."

ಹನ್ನೊಂದು ತಲೆಗಳು ಒಟ್ಟಿಗೆ ಅಲುಗಿದವು. 11 ಗಂಟೆಗೆ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯ ಕೆಳಗೆ ಎಫ್‌ಐಆರ್ ದಾಖಲಾಯಿತು.

ಸ್ಥಳ ನೋಡಿ ಪಂಚನಾಮೆ ಮೊದಲು, ಮನುಷ್ಯನನ್ನು ಹಿಡಿಯುವುದು ಆಮೇಲೆ. ಟ್ರೇನಿಂಗಿನಲ್ಲಿ ಕಲಿಸುವ ಮೊದಲ ಪಾಠ ಇದು. ಅಬ್ದುಲರಜಾಕ ಸಿಂದಗಿಯ ಕಡೆಯವನು, ಠಾಣೆಗೆ ಬಂದು ಆರು ತಿಂಗಳು, ಕೆಲಸದಲ್ಲಿ ಚುರುಕು ಎಂದು ಹೆಸರು. ಅಂದು ರಂಜಾನಿನ ಎರಡನೇ ರೋಜಾ. ಗಂಟಲು ಒಣಗಿತ್ತು, ಕೋಣೆಯ ತುಂಬ ಜನ, ಎಲ್ಲರೂ ಒಂದೇ ಸಲಕ್ಕೆ ಮಾತಾಡುತ್ತಿದ್ದರು. ಅವರನ್ನು ಒಮ್ಮೆ ಹೊರಗೆ ಹಾಕಿದರೆ ಸಾಕಾಗಿತ್ತು. "ಧೂಳಪ್ಪ, ಹೋಗಿ ಅವನ್ನ ಕರಕೊಂಡ ಬಾ. ಆಡು ಕೋಂಡವಾಡದಾಗ ಕೂಡಿಹಾಕು," ಎಂದುಬಿಟ್ಟ. ಒಂದೇ ಒಂದು ಗಿಡವನ್ನು ಅವನು ಇನ್ನೂ ನೋಡಿರಲಿಲ್ಲ.

11:40ಕ್ಕೆ ದಾವಲಮಲಿಕನನ್ನು ತಂದರು. ಐವತ್ತೆಂಟರ ಆಸುಪಾಸು, ತಲೆಗೆ ಟವೆಲ್ಲು, ಕೈಯಲ್ಲಿ ಸೊಪ್ಪು ಕಡಿಯುವ ಕುಡಗೋಲು. ಕುಡಗೋಲನ್ನು ಜಪ್ತಿ ಮಾಡಿದರು.

"ಎಷ್ಟ ಆಡು?"

"ಆರ್ರಿ. ಎರಡ ಮರಿ."

"ಗಿಡಕ್ಕ ಬೆಂಕಿ ಹತ್ತಲಿ ಅಂದಿ?"

"ಅಂದೇನ್ರಿ. ಖರೆ ಐತಿ. ಗೇಟ ಅವರೇ ತಗದ ಬಿಟ್ಟಿದ್ರು, ಆಡು ಹೊಕ್ಕವು, ನಾನೇ ಹೊಡಕೊಂಡ ಬಂದೆ. ಒಂದ ಎಲಿ ತಿಂದಿದ್ದಿಲ್ಲ. ಆದ್ರೂ ನನ್ನ ಹೆಸರ ಬರದ್ರು. ನನ್ನ ಮೊಮ್ಮಗಳು ಸಾಲಿಗಿ ಹೋಗಮುಂದ ಓದಿ ಬಂದ ಕೇಳಿದ್ಲು. ಸಿಟ್ಟ ಬಂತು, ಅಂದೆ."

"ಅಂದಂಗ ಮಾಡೂದೂ ಮಾಡಿದಿ."

"ಇಲ್ರಿ."

"ಹೊರಗ ಕೂಡ್ರು. ನೆಪ್ಪ ಆದಮ್ಯಾಲ ಕರಿ."

ಹೊರಗೆ ಕೂರುವ ಕಟ್ಟಿಗೆಯ ಬಾಕು ರಸ್ತೆಗೆ ಮುಖ ಮಾಡಿತ್ತು. ಸಂತೆಗೆ ಹೋಗುವವರು, ಸಾಲೆಯ ಮಕ್ಕಳು, ಮಧ್ಯಾಹ್ನದ ನಮಾಜಿಗೆ ಹೋಗುವವರು ಎಲ್ಲರೂ ನೋಡಿಕೊಂಡು ಹೋದರು. ಕೆಲವರು ನಿಂತೂ ನೋಡಿದರು. ಮೂರು ಗಂಟೆಗೆ ಧೂಳಪ್ಪ ಚಹಾ ತಂದುಕೊಟ್ಟಾಗ ದಾವಲಮಲಿಕ ಕೈಯಿಂದಲೇ ಬೇಡವೆಂದ. "ರೋಜಾ ಐತ್ರಿ. ನನಗೇನೂ ಬ್ಯಾಡ. ಆ ಮರಿ ಎರಡೂ ಹಾಲಿಗಿ ಒದರತಿರ್ತಾವ, ಅವನ್ನಟ ಬಿಡಸ್ರಿ."

ಕಿಟಕಿಯ ಒಳಗಿದ್ದ ಅಬ್ದುಲರಜಾಕನಿಗೆ ಆ ಮಾತು ಕೇಳಿತು. ಕೇಳಿಯೂ ಕಾಗದ ತಿರುವುತ್ತ ಕೂತ.

ಆರೂವರೆ ದಾಟಿ ಮಸೀದಿಯಲ್ಲಿ ಅಜಾನ್ ಆಯಿತು. ಇನ್‌ಸ್ಪೆಕ್ಟರ್ ಮನೆಯಿಂದ ಬಂದ ಡಬ್ಬಿ ತೆರೆದು ಖರ್ಜೂರ ಕೈಗೆ ತೆಗೆದುಕೊಂಡ. ಹೊರಗೆ ದಾವಲಮಲಿಕ ಅಂಗಳದ ನಳಕ್ಕೆ ಬೊಗಸೆಯೊಡ್ಡಿ ರೋಜಾ ಬಿಡುತ್ತಿದ್ದ.

"ಚಾಚಾ, ಒಳಗ ಬರ್ರಿ," ಎಂದು ಇನ್‌ಸ್ಪೆಕ್ಟರ್ ಕರೆದ. ಬೆಳಿಗ್ಗೆಯಿಂದ ಬಾರದ ಗೌರವ ಈಗ ಬಂದಿತ್ತು.

"ಬ್ಯಾಡ್ರಿ. ಹೊರಗ ಕೂಡ್ರು ಅಂದೀರಿ."

ಅಬ್ದುಲರಜಾಕ ಕೈಯಲ್ಲಿನ ಖರ್ಜೂರವನ್ನು ಡಬ್ಬಿಗೆ ವಾಪಸು ಇಟ್ಟ. ತಾನೂ ಹಸಿದು, ಹಸಿದ ಇನ್ನೊಬ್ಬನನ್ನು ಏಳು ತಾಸು ರಸ್ತೆಗೆ ಇಟ್ಟು ತೋರಿಸಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಏಳಕ್ಕೆ ಆಡು ಬಿಡಿಸಿ, ಕುಡಗೋಲು ವಾಪಸು ಕೊಟ್ಟು, "ಹೋಗ್ರಿ, ಬೇಕಾದ್ರ ಕರಸ್ತೇನಿ" ಎಂದ.

ದಾವಲಮಲಿಕ ಹೋಗಲಿಲ್ಲ. "ಸಾಹೇಬ್ರ, ನನ್ನ ಮಂದಿ ಮುಂದ ಕುಂಡ್ರಿಸಿದ್ರಿ. ನಾ ಅಲ್ಲ ಅಂತ ಆದಮ್ಯಾಲ ಅದನ್ನೂ ಮಂದಿ ಮುಂದೇ ಹೇಳಬೇಕು. ಬರೂ ಐತವಾರ ಅವರ ಹಾಜರಿ ಮುಂದ. ನಿಮ್ಮ ಬಾಯಿಲೆ."

"ಹೇಳ್ತೇನಿ," ಎಂದ ಇನ್‌ಸ್ಪೆಕ್ಟರ್. ಕೈಯಲ್ಲಿ ಆರು ದಿನ ಇದ್ದವು.

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ 7:30. ಮಾಡಬೇಕಾದ ಕೆಲಸ ಒಂದು ದಿನ ತಡವಾಗಿ ಶುರುವಾಯಿತು. ಇಬ್ಬರು ಪಂಚರು, ಧೂಳಪ್ಪ ಮತ್ತು ಮಹಿಳಾ ಕಾನ್‌ಸ್ಟೆಬಲ್ ಹೊನ್ನವ್ವ ಜೊತೆಗಿದ್ದರು. ಸತ್ತ ಗಿಡಗಳ ನಂಬರು 3, 5, 8, 11, 17, 22, 23, 30 ಮತ್ತು 36.

ಮೊದಲ ಗಿಡದ ಮುಂದೆ ನಿಂತ ಕೂಡಲೇ ಧೂಳಪ್ಪ ತಲೆ ಕೆರೆದುಕೊಂಡ. "ಸಾಹೇಬ್ರ, ಆಡು ತಿಂದಿದ್ರ ಎಲಿ ಇರ್ತಿದ್ವೇನ್ರಿ?"

ಎಲೆಗಳೆಲ್ಲ ಗಿಡದ ಮೇಲೇ ಇದ್ದವು. ತುದಿಯಿಂದ ಸುಟ್ಟಂತೆ ಕಂದಾಗಿ, ಮುರುಟಿ, ಒಂದೂ ಉದುರದೆ. ತೊಗಟೆಯ ಮೇಲೆ ಹಲ್ಲಿನ ಗುರುತಿಲ್ಲ, ಕುಡಗೋಲಿನ ಏಟಿಲ್ಲ. ನಿನ್ನೆ ಹತ್ತು ನಿಮಿಷ ಇಲ್ಲಿಗೆ ಬಂದಿದ್ದರೆ ಇಷ್ಟು ತಿಳಿಯುತ್ತಿತ್ತು. ಅಬ್ದುಲರಜಾಕ ಯಾರ ಮುಖವನ್ನೂ ನೋಡದೆ "ಬರಕೊಳ್ಳು" ಎಂದ.

ಬುಡದ ಮಣ್ಣು ಕೆದರಿದಾಗ ಬಿಳಿ ಪದರು ಕಂಡಿತು. ಧೂಳಪ್ಪ ಬೆರಳಿಗೆ ಹತ್ತಿಸಿಕೊಂಡು ನಾಲಗೆಗೆ ಇಟ್ಟೇ ಬಿಟ್ಟ.

"ಏ ಮಾರಾಯಾ! ಸಾಕ್ಷಿ ನೆಕ್ಕತಿ ಏನೋ? ವಿಷಾ ಇದ್ರ?"

"ಉಪ್ಪರೀ ಸಾಹೇಬ್ರ. ಶುದ್ಧ ಉಪ್ಪು."

ಹೊನ್ನವ್ವ ಕುಕ್ಕರುಗಾಲಲ್ಲಿ ಕೂತು ಕಡ್ಡಿಯಿಂದ ಮಣ್ಣು ಬಿಡಿಸುತ್ತಿದ್ದಳು. ಎರಡು ಬೀಜ ಸಿಕ್ಕವು, ಲಿಂಬೆಯವು. ಇಂಡಿಯಲ್ಲಿ ಲಿಂಬೆಯ ಬೀಜ ಸಿಗದ ನೆಲವೇ ಇಲ್ಲ, ಅದರಿಂದ ಏನೂ ಹೇಳಲಾಗದು. ಆದರೆ ಬೀಜಕ್ಕೆ ಹಳದಿ ಹತ್ತಿತ್ತು. ಆಕೆ ಮೂಸಿ ನೋಡಿದಳು.

"ಅರಿಶಿಣ ಐತ್ರಿ ಸರ್. ಸ್ವಲ್ಪ ಇಂಗೂ ಐತಿ. ನಮ್ಮ ಹೊರ್ತಿ ಊರಿನ ಮನ್ಯಾಗ ವರ್ಷಾ ಉಪ್ಪಿನಕಾಯಿ ಹಾಕ್ತಾರ. ಇದು ಲಿಂಬಿ ಉಪ್ಪಿನಕಾಯಿ ಬರಣಿ ತೊಳದ ನೀರು."

"ಉಪ್ಪಿನಕಾಯಿ ನೀರ ಗಿಡಕ್ಕ ಯಾರ ಹಾಕ್ತಾರ?"

"ನೀರಿಲ್ಲದ ಊರಾಗ ಯಾವ ಹೆಂಗಸೂ ತೊಳದ ನೀರ ಚೆಲ್ಲೂದಿಲ್ರಿ. ಅಕ್ಕಿ ತೊಳದದ್ದು, ಅರಿವಿ ಹಿಂಡಿದ್ದು, ಎಲ್ಲಾ ಗಿಡಕ್ಕೇ. ಒಮ್ಮಿ ಬರಣಿ ನೀರ ಹಾಕಿದ್ರ ತಿಳೀದ ಹಾಕ್ಯಾರ ಅನ್ನಬೌದು." ಹೊನ್ನವ್ವ ಸುತ್ತ ನೋಡಿದಳು. "ಒಂಬತ್ತ ಗಿಡಕ್ಕ ಹಾಕಿದ್ರ ತಿಳದೇ ಹಾಕ್ಯಾರ."

ಮಣ್ಣಿನ ಮಾದರಿಗಳನ್ನು ಮೊಹರು ಮಾಡಿ ಪರೀಕ್ಷೆಗೆ ಕಳಿಸಿದರು. ಮರುದಿನ ಮಧ್ಯಾಹ್ನ ವರದಿ ಬಂತು. ಉಪ್ಪಿನಂಶ ಗಿಡ ತಾಳುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಒಂದು ಸಲ ಸುರಿದದ್ದಲ್ಲ, ಎರಡು ವಾರವಾದರೂ ದಿನಾ ಬಿದ್ದದ್ದು.

ಹಾಗಾದರೆ ದಿನಾ ಬಂದವರು ಯಾರು?

ಮಾರ್ಚ್ 5, ಬುಧವಾರ, ಸಂಜೆ 4:00. ಉದ್ಯಾನದ ತಗಡಿನ ಶೆಡ್ಡಿನಲ್ಲಿ, ಉಪ್ಪಿನಕಾಯಿ ನೀರಿನ ಸುದ್ದಿ ಕೇಳಿದ ಮಾಸ್ತರರು ಹಾಜರಿ ಪುಸ್ತಕ ತೆರೆದಿಟ್ಟರು. ಅಚ್ಚುಕಟ್ಟಾದ ಕೆಂಪು ಗೆರೆ, ದುಂಡು ಅಕ್ಷರ. ಕಡೆಯ ಕಾಲಮ್ಮು ಸೇವೆಯದು.

"ಫೆಬ್ರವರಿದ ಸೇವಾ ಯಾರದಿತ್ರಿ?"

"ತುಳಸೀಬಾಯಾರದು. ಪೋಸ್ಟಿನ್ಯಾಗಿದ್ರಲ್ಲ ಸುಜಯ, ಅವರ ಹೆಂಡತಿ. ಇಲ್ಲೇ ಗೇಟಿನ ಎದುರಿಗೇ ಮನಿ. ಏನ ಹೇಳ್ಲಿ ಸಾಹೇಬ್ರ, ಒಂದು ದಿನ ತಪ್ಪಿಸಿಲ್ಲ ಆ ಹೆಣಮಗಳು. ಬೆಳಿಗ್ಗೆ ಎಲ್ಲಾರೂ ವಾಕಿಂಗ್ ಮಾಡೂ ಮುಂದ ಎರಡೆರಡು ಕೊಡ ಹೊತ್ತು ತಂದು ಹಾಕ್ಯಾರ. ನೋಡ್ರಿ, ನಾಚಿಕಿ ಆದ್ರ ಮನುಷ್ಯಾ ಹ್ಯಾಂಗ ಸುಧಾರಸ್ತಾನ ಅಂತ ನಾ ಹಾಜರಿಯಾಗ ಎಲ್ಲಾರ ಮುಂದ ಹೇಳೀನಿ."

"ಯಾವ ಯಾವ ಗಿಡ?"

ಮಾಸ್ತರರು ಕನ್ನಡಕ ಏರಿಸಿಕೊಂಡು ಓದತೊಡಗಿದರು. "ಮೂರು, ಐದು, ಎಂಟು, ಹನ್ನೊಂದು, ಹದಿನೇಳು..." ದನಿ ಸಣ್ಣದಾಯಿತು. ಉಳಿದ ನಾಲ್ಕನ್ನು ಓದಲಿಲ್ಲ. ಧೂಳಪ್ಪ ಪಂಚನಾಮೆಯ ಪಟ್ಟಿಯನ್ನು ಪುಸ್ತಕದ ಪಕ್ಕ ಇಟ್ಟ. ಒಂಬತ್ತಕ್ಕೆ ಒಂಬತ್ತೂ ಕೂಡಿದವು.

"ಸಾಧ್ಯ ಇಲ್ಲ," ಎಂದರು ಮಾಸ್ತರರು. "ಅವರ ಕೈಯಾಗಿನ ಉಪ್ಪಿನಕಾಯಿ ನಾವೆಲ್ಲಾ ತಿಂತೀವಿ. ಬಳಗದ ಒಂದೊಂದು ಮನಿಗೂ ಕೊಟ್ಟಾರ."

ಅದನ್ನು ಹೇಳಿದ ಮೇಲೆ ಏನು ಹೇಳಿದೆ ಎಂದು ಅವರಿಗೇ ತಿಳಿಯಿತು. ಹಾಜರಿ ಪುಸ್ತಕವನ್ನು ಮುಚ್ಚಿದರು.

"ಅವರ ಗಿಡ ಯಾವದು?"

"ಹದಿನಾಲ್ಕು. ಸುಜಯ ತೀರಕೊಂಡ ಮ್ಯಾಲೆ ಅವರ ನೆನಪಿಗೆ ಹಚ್ಚಿದ ಸಂಪಿಗಿ. ಜನವರಿಯಾಗ ಒಣಗಿತು. ಗಣರಾಜ್ಯೋತ್ಸವದ ದಿನ ಅರಿವಿ ಕಟ್ಟಿದ್ವಿ." ಮಾಸ್ತರರು ಮೊಬೈಲು ತೆಗೆದು ಬಳಗದ ವಾಟ್ಸಾಪ್ ಗುಂಪಿನ ಫೋಟೋ ತೋರಿಸಿದರು. "ಮುಖ್ಯ ಅತಿಥಿ ತಾವೇ ಬಂದಿದ್ರಿ. ನೆನಪಿಲ್ಲೇನು?"

ಫೋಟೋದಲ್ಲಿ ಇಸ್ತ್ರಿಯ ಖಾಕಿ ಹಾಕಿದ ಅಬ್ದುಲರಜಾಕ ಒಣಗಿದ ಸಸಿಯೊಂದಕ್ಕೆ ಕೆಂಪು ಅರಿವಿ ಕಟ್ಟುತ್ತಿದ್ದ. ಮುಖ ಕ್ಯಾಮೆರಾ ಕಡೆಗೆ, ನಗು. ಪಕ್ಕದಲ್ಲಿ ಸೆರಗು ಹೊದ್ದ ಹೆಂಗಸೊಬ್ಬಳು ನೆಲ ನೋಡುತ್ತ ನಿಂತಿದ್ದಳು. ಸುತ್ತಲಿನವರ ಕೈಗಳು ಚಪ್ಪಾಳೆಗೆ ಎತ್ತಿದ್ದವು.

ಆ ದಿನದ್ದು ಅವನಿಗೆ ನೆನಪಿದ್ದದ್ದು ಉಪ್ಪಿಟ್ಟು, ಚಹಾ ಮತ್ತು ತನ್ನ ನಾಲ್ಕು ನಿಮಿಷದ ಭಾಷಣ. ಯಾರೋ ಅರಿವಿ ಕೈಗೆ ಕೊಟ್ಟಿದ್ದರು, ಕಟ್ಟಿದ್ದ. ಹಲಗೆಯ ಮೇಲೆ ಏನು ಬರೆದಿತ್ತೆಂದು ಓದಿರಲಿಲ್ಲ. ಈಗ ಎದ್ದು ಗೇಟಿಗೆ ಹೋಗಿ ಓದಿದ. "ಗಿಡ ನಂ. 14. ದಿವಂಗತ ಸುಜಯ ಅವರ ನೆನಪಿನ ಸಂಪಿಗೆ. ಕೊಂದವರು: ತುಳಸೀಬಾಯಿ." ಸುಣ್ಣದ ಅಕ್ಷರ ರಸ್ತೆಯ ಆ ಬದಿಯ ಮನೆಯ ಬಾಗಿಲಿಗೂ ಕಾಣುವಷ್ಟು ದೊಡ್ಡದಾಗಿತ್ತು.

ಗುಂಪಿನ ಹಳೆಯ ಸಂದೇಶಗಳನ್ನು ಹೊನ್ನವ್ವ ಮೇಲಿಂದ ಕೆಳಗೆ ನೋಡುತ್ತ ಹೋದಳು. ಫೆಬ್ರವರಿ 11ರದು ಒಂದು: "ಬಸವನಬಾಗೇವಾಡಿಯಿಂದ ಬಂದ ಸಂಪದಾ ಅವರು ನಮ್ಮ ಹಲಗೆಯನ್ನು ಓದಿ ಶಿಸ್ತನ್ನು ಮೆಚ್ಚಿದರು." ಸಂಪದಾ ಎಂದರೆ ತೀರಿಕೊಂಡ ಸುಜಯನ ತಂಗಿ.

ಮಾರ್ಚ್ 6, ಗುರುವಾರ, ಬೆಳಿಗ್ಗೆ 11:15, ಬಸವನಬಾಗೇವಾಡಿ. ಸಂಪದಾ ಪ್ರಾಥಮಿಕ ಸಾಲೆಯ ಶಿಕ್ಷಕಿ. ಸಾಲೆಯ ಬೇವಿನ ಗಿಡದ ಕೆಳಗೆ ನಿಂತು ಉತ್ತರ ಕೊಟ್ಟಳು.

"ಫೆಬ್ರವರಿ ಹನ್ನೊಂದಕ್ಕ ಇಂಡಿಗೆ ಯಾಕ ಹೋಗಿದ್ರಿ?"

"ಅಣ್ಣನ ಶ್ರಾದ್ಧ ಇತ್ತು. ಐದನೇ ವರ್ಷದ್ದು. ನಾವೆಲ್ಲಾ ಎಂಟು ಮಂದಿ ಹೋಗಿದ್ವಿ."

"ಹಲಗಿ ಓದಿದ್ರಿ?"

"ಓದಿದೆ. ಮನಿ ಎದುರಿಗೇ ಅದ."

"ನಿಮ್ಮ ವೈನಿ ತುಳಸೀಬಾಯಾರಿಗೆ ಏನರ ಅಂದ್ರಿ?"

"ಚಾಷ್ಟಿಗೆ, ನಗಿಸಲಿಕ್ಕೆ ಅಂದೆ ನಾನು. ಎಲ್ಲಾರೂ ನಿಂತಿದ್ರು, ಅಂದುಬಿಟ್ಟೆ."

"ಏನಂದ್ರಿ?"

"'ಇಲ್ಲೂ ನೀವೇ ಏನ್ರಿ ವೈನಿ?' ಅಂದೆ."

ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡು "ಅಂದ್ರ?" ಎಂದ.

"ಅಣ್ಣಗ ಎದಿ ನೋವು ಬಂದ ರಾತ್ರಿ ವೈನಿ ವಾಯು ಅಂತ ತಿಳಕೊಂಡು ಓಂಕಾಳು ನೀರು ಕುಡಿಸಿದ್ರು. ಬೆಳಗಾಗಿ ದವಾಖಾನಿಗೆ ಹೋಗೂದ್ರಾಗ ಮುಗದಿತ್ತು. ಮನ್ಯಾಗ ಎಲ್ಲಾರೂ ಆಗ ಒಂದೊಂದು ಮಾತು ಅಂದಿದ್ವಿ. ಆಮ್ಯಾಲೆ ಬಿಟ್ಟಿದ್ವಿ." ಸಂಪದಾ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ವೈನಿ ಅವತ್ತ ನಕ್ಕರು. ಎಲ್ಲಾರಿಗೂ ಬಡಿಸಿದ್ರು. ನಾ ಅದು ಅವರಿಗೆ ಹತ್ತಿಲ್ಲ ಅಂತ ತಿಳಕೊಂಡೆ."

ಹೇಳಿಕೆ ದಾಖಲಿಸಿ ಸಹಿ ಪಡೆದರು.

ಮಾರ್ಚ್ 7, ಶುಕ್ರವಾರ, ಬೆಳಿಗ್ಗೆ 9:10. ತುಳಸೀಬಾಯಿಯ ಮನೆಯ ಬಾಗಿಲು ತೆರೆದೇ ಇತ್ತು. ಅರವತ್ತು ವರ್ಷದ ತೆಳ್ಳನೆಯ ಹೆಂಗಸು, ನಡುಮನೆಯಲ್ಲಿ ಕೂತು ಲಿಂಬೆಹಣ್ಣನ್ನು ನಾಲ್ಕು ಸೀಳು ಮಾಡುತ್ತಿದ್ದಳು. ಗೋಡೆಗೆ ಹತ್ತಿ ಮೂರು ದೊಡ್ಡ ಬರಣಿ.

"ಬರ್ರಿ ಸಾಹೇಬ್ರ. ಕೂಡ್ರಿ," ಎಂದಳು. ಈಳಿಗೆ ಮಣೆಯನ್ನು ಬದಿಗೆ ಸರಿಸಿದಳು. ಹೊನ್ನವ್ವನಿಗೂ ಚಾಪೆ ಹಾಸಿದಳು.

"ಬಾಯಾರ, ಒಂಬತ್ತು ಗಿಡದ ಬಗ್ಗೆ ಕೇಳೂದೈತಿ."

"ನಾನೇ ಮಾಡೀನಿ."

ಇಷ್ಟು ಬೇಗ ಒಪ್ಪಿಗೆ ಸಿಗುತ್ತದೆಂದು ಇನ್‌ಸ್ಪೆಕ್ಟರ್ ಎಣಿಸಿರಲಿಲ್ಲ. ಮುಂದಿನ ಪ್ರಶ್ನೆ ಹುಡುಕಬೇಕಾಯಿತು. "ಯಾವಾಗಿಂದ?"

"ಶ್ರಾದ್ಧ ಆದ ಮರುದಿನದಿಂದ. ಅದಕ್ಕೂ ಮದಲ ಹತ್ತು ದಿನ ಶುದ್ಧ ನೀರೇ ಹಾಕೀನಿ. ಅದನ್ನೂ ಬರಕೋರಿ."

"ಉಪ್ಪಿನ ನೀರಿಂದ ಗಿಡ ಸಾಯ್ತಾವ ಅಂತ ಹ್ಯಾಂಗ ಗೊತ್ತಾತು?"

ಆಕೆ ಕೈಗೆ ಹತ್ತಿದ್ದ ಲಿಂಬೆಯ ರಸವನ್ನು ಸೆರಗಿಗೆ ಒರೆಸಿಕೊಂಡಳು. "ನಂದೇ ಗಿಡದಿಂದ. ನಳ ಬರ್ತಿದ್ದಿಲ್ಲ. ಬರಣಿ ತೊಳದ ನೀರು ಚೆಲ್ಲೂದ್ಯಾಕ ಅಂತ ಸಂಪಿಗಿಗೆ ಹಾಕ್ತಿದ್ದೆ. ಲಿಂಬಿ ರಸ, ಅರಿಶಿಣ, ಎಲ್ಲಾ ಛಲೋದೇ ಅಲ್ಲಾ ಅಂತ ತಿಳಕೊಂಡಿದ್ದೆ. ಅವರಿಗೆ ಓಂಕಾಳು ನೀರು ಕೊಟ್ಟಾಗಲೂ ಹಂಗೇ ತಿಳಕೊಂಡಿದ್ದೆ." ಲಿಂಬೆಯ ಸೀಳುಗಳನ್ನು ಒಂದೆಡೆ ಕೂಡಿಸಿದಳು. "ಶ್ರಾದ್ಧದ ದಿನ ಮಂದಿ ಹೋದ ಮ್ಯಾಲೆ ಬಚ್ಚಲದ ಹಿಂದ ನೋಡಿದೆ. ಬರಣಿ ನೀರು ಹರದಲ್ಲೆಲ್ಲಾ ಹುಲ್ಲು ಸುಟ್ಟಿತ್ತು. ಆಗ ತಿಳೀತು, ಹಲಗಿ ಮ್ಯಾಲೆ ಬರದದ್ದು ಖರೆ ಅದ ಅಂತ. ಕೊಂದಾಕಿ ನಾನೇ."

"ಉಳದವರ ಗಿಡ ಏನ ಮಾಡಿದ್ವು?"

"ಏನೂ ಮಾಡಿಲ್ಲ. ಬಾಗಲಾ ತಗದ್ರ ಹಲಗಿ ಕಾಣ್ತದ. ಹಾಲಿನವಾ ಓದ್ತಾನ, ಹೂವಿನಾಕಿ ಓದ್ತಾಳ. ಉಪ್ಪಿನಕಾಯಿ ಒಯ್ಲಿಕ್ಕೆ ಬಂದವರು ಅದನ್ನ ಓದೇ ಒಳಗ ಬರ್ತಾರ. ನಲವತ್ತು ಗಿಡದಾಗ ಒಂದಕ್ಕೇ ಕೆಂಪು ಅರಿವಿ. ಇನ್ನೂ ನಾಕಕ್ಕ, ಐದಕ್ಕ ಕಟ್ಟಿದ್ರ ನಂದು ಎದ್ದು ಕಾಣೂದಿಲ್ಲ ಅನಿಸ್ತು. ಅವರೇ ನನ್ನ ಕೈಯಾಗ ಕೊಡ ಕೊಟ್ಟಿದ್ರು. ಎಲ್ಲಾರ ಕಣ್ಣ ಮುಂದೇ ಹಾಕೀನಿ. ಮಾಸ್ತರು ಶಾಭಾಷ್ ಅಂದ್ರು."

ಹೊನ್ನವ್ವ ಬರೆಯುವುದನ್ನು ನಿಲ್ಲಿಸಿದ್ದಳು. ಇನ್‌ಸ್ಪೆಕ್ಟರ್ ಆಕೆಯ ಕಡೆ ನೋಡಿದ ಮೇಲೆ ಮತ್ತೆ ಪೆನ್ನು ಎತ್ತಿದಳು.

"ಸೋಮವಾರ ದಾವಲಮಲಿಕನ್ನ ಠಾಣಾದಾಗ ಕುಂಡ್ರಿಸಿದ್ದು ಗೊತ್ತಿತ್ರಿ?"

"ಕಾಯಿಪಲ್ಯಾ ತರ್ಲಿಕ್ಕೆ ಹೋಗಿದ್ದೆ. ನೋಡಿದೆ." ಇಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಈಗ ಒಡೆಯಿತು. "ಸಾಹೇಬ್ರ, ಇದನ್ನ ಹೇಳ್ಲಿಕ್ಕೆ ನನಗ ನಾಚಿಕಿ ಆಗ್ತದ. ಅವನ್ನ ಆ ಬಾಕಿನ ಮ್ಯಾಲೆ ನೋಡಿದಾಗ ಮದಲ ನನಗ ಹಗುರ ಆತು. ಇವತ್ತು ಮಂದಿ ನೋಡೂದು ಇನ್ನೊಬ್ಬರನ್ನ ಅಂತ. ಮನಿಗೆ ಬಂದ ಮ್ಯಾಲೆ ನಾನೆಂಥಾಕಿ ಅಂತ ಅನಿಸ್ತು. ನಾಕು ದಿನಾ ಆತು, ಅನ್ನ ಇಳೀವಲ್ದು. ಠಾಣಾಕ್ಕ ಬರಬೇಕಂತ ಎರಡು ಸಲ ಚಪ್ಪಲಿ ಮೆಟ್ಟಿದೆ. ಹಲಗಿ ದಾಟಿ ಬರ್ಲಿಕ್ಕೆ ಆಗಲಿಲ್ಲ."

ಅಬ್ದುಲರಜಾಕ ಕೇಳಲೇಬೇಕಾದ ಪ್ರಶ್ನೆಗಳು ಮುಗಿದಿದ್ದವು. ಕೇಳಬೇಕಿಲ್ಲದ ಒಂದು ಉಳಿದಿತ್ತು.

"ನನ್ನ ಗುರ್ತ ಐತೇನ್ರಿ ನಿಮಗ?"

"ಅದ. ಅರಿವಿ ಕಟ್ಟಿದವರು ನೀವೇ ಅಲ್ಲೇನು? ಗಂಟು ಭಾಳ ಬಿಗಿ ಹಾಕಿದ್ರಿ. ಒಂದಿನಾ ಯಾರೂ ಇಲ್ಲದಾಗ ಬಿಚ್ಚಲಿಕ್ಕೆ ಹೋಗಿದ್ದೆ, ಬರಲಿಲ್ಲ." ಆಕೆ ಎದ್ದಳು. "ಇವತ್ತಿಗೆ ನಲವತ್ತು ದಿನಾ ಮುಗೀತು. ಸಂಜಿಗೆ ನನ್ನ ಹೆಸರು ಅಳಸ್ತಾರ. ಈಗ ಒಯ್ತೀರೋ, ಅಳಸಿದ ಮ್ಯಾಲೋ?"

ಈಗಲೇ ಒಯ್ಯಬೇಕಿತ್ತು. ಬೆಳಿಗ್ಗೆ 10:05ಕ್ಕೆ ಹೊನ್ನವ್ವ ಬಂಧನದ ಕಾರಣವನ್ನು ಓದಿ ಹೇಳಿ ಸಹಿ ಪಡೆದಳು. ಬರಣಿ ಮೂರು, ಹಿತ್ತಾಳೆ ಕೊಡ ಎರಡು ಜಪ್ತಿಯಾದವು. ಇನ್‌ಸ್ಪೆಕ್ಟರ್ ಜೀಪನ್ನು ಹಿಂದಿನ ಓಣಿಗೆ ತರಿಸಿ, ಹಿತ್ತಲ ಬಾಗಿಲಿನಿಂದ ಆಕೆಯನ್ನು ಹತ್ತಿಸಿದ. ಠಾಣೆಯಲ್ಲಿ ಆ ಬಾಕಿನ ಮೇಲೆ ಕೂರಿಸಲಿಲ್ಲ. ಮಧ್ಯಾಹ್ನ ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಸಂಜೆಯೊಳಗೆ ಜಾಮೀನಾಯಿತು. ಜಾಮೀನು ನಿಂತವಳು ಬಾಗೇವಾಡಿಯಿಂದ ಓಡಿ ಬಂದ ಸಂಪದಾ. ವೈನಿ ನಾದಿನಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಒಂದೇ ರಿಕ್ಷಾದಲ್ಲಿ ಹೋದರು.

ಮಾರ್ಚ್ 9, ಭಾನುವಾರ, ಬೆಳಿಗ್ಗೆ 6:30. ಹಾಜರಿಗೆ ಇಪ್ಪತ್ತೆರಡು ಜನ ಬಂದಿದ್ದರು. ತುಳಸೀಬಾಯಿಯ ಮನೆಯ ಬಾಗಿಲು ಮುಚ್ಚಿತ್ತು. ಬೇಲಿಯ ಆಚೆ ಆಡುಗಳನ್ನು ಹಿಡಿದುಕೊಂಡು ದಾವಲಮಲಿಕ ನಿಂತಿದ್ದ. ಒಳಗೆ ಬಾ ಎಂದರೂ ಬರಲಿಲ್ಲ.

ಅಬ್ದುಲರಜಾಕ ನಡುವೆ ನಿಂತ. ಜನವರಿಯಲ್ಲಿ ಭಾಷಣ ಮಾಡಿದ ಜಾಗವೇ. "ಗಿಡ ಕೊಂದದ್ದು ದಾವಲಮಲಿಕ ಅಲ್ಲ. ಅವರ ಆಡೂ ಅಲ್ಲ. ಒಂದ ಗಿಡಾನೂ ನೋಡದ ಅವರನ್ನ ಏಳ ತಾಸು ಬಾಕಿನ ಮ್ಯಾಲ ಕುಂಡ್ರಿಸಿದ್ದು ನನ್ನ ತಪ್ಪು. ಚಾಚಾ, ಮಾಫ್ ಮಾಡ್ರಿ."

ದಾವಲಮಲಿಕ ಬೇಲಿಯ ಆಚೆಯಿಂದಲೇ ಎಣಿಸುವವನಂತೆ ಎಲ್ಲರನ್ನೂ ನೋಡಿದ. "ಮಾತ ಉಳಿಸಿಕೊಂಡ್ರಿ ಸಾಹೇಬ್ರ. ಆದ್ರ ಸೋಮವಾರ ಅರ್ಧ ಇಂಡಿ ನನ್ನ ನೋಡೇತಿ. ಇಲ್ಲಿ ಇಪ್ಪತ್ತೆರಡ ಮಂದಿ ಅದಾರ. ಉಳದವರಿಗಿ ಯಾರ ಹೇಳ್ತಾರ್ರಿ?"

ಅವನು ಆಡು ಹೊಡೆದುಕೊಂಡು ಹೋದ.

ಮಾಸ್ತರರು ಹಲಗೆಯ ಬಳಿ ನಿಂತಿದ್ದರು. ಹಳೆಯ ಹೆಸರು ಅಳಿಸಿತ್ತು. ರೂಢಿಯಂತೆ ಕೈಯಲ್ಲಿ ಸುಣ್ಣದ ಕಡ್ಡಿ ಇತ್ತು. "ಒಂಬತ್ತು ಗಿಡದ್ದು ಬರೀಬೇಕಲ್ಲ," ಎಂದರು. ದನಿಯಲ್ಲಿ ಬಲವಿರಲಿಲ್ಲ.

"ಹೆಸರ ಕೋರ್ಟಿನ ಕಾಗದದಾಗ ಐತಿ ಮಾಸ್ತರ. ಅಷ್ಟ ಸಾಕು," ಎಂದ ಇನ್‌ಸ್ಪೆಕ್ಟರ್.

ಮಾಸ್ತರರು ಕಡ್ಡಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಗೇಟಿನ ಕಟ್ಟೆಯ ಮೇಲೆ ಕೂತುಬಿಟ್ಟರು. "ಸಾಲ್ಯಾಗೂ ನಾ ಹಿಂಗೇ ಮಾಡೀನಿ," ಎಂದರು, ಬೇರೆ ಯಾರಿಗೂ ಅಲ್ಲ, ತಮಗೇ. ಅಂದು ಹಾಜರಿ ಕರೆಯಲಿಲ್ಲ.

ಇನ್‌ಸ್ಪೆಕ್ಟರ್ ಹದಿನಾಲ್ಕನೇ ಗಿಡದ ಬಳಿ ಹೋಗಿ ಕುಕ್ಕರುಗಾಲಲ್ಲಿ ಕೂತ. ಅರಿವಿ ಬಿಸಿಲಿಗೆ ಬಣ್ಣಗೆಟ್ಟಿತ್ತು, ಗಂಟು ಕಲ್ಲಾಗಿತ್ತು. ಹೊನ್ನವ್ವ ಕತ್ತರಿಸಿಬಿಡಿ ಎಂದಳು. ಅವನು ಕೇಳಲಿಲ್ಲ. ಉಗುರಿನಿಂದ, ಹಲ್ಲಿನಿಂದ, ಕಾಲು ಗಂಟೆ ಬಿಚ್ಚುತ್ತ ಕೂತ. ಇಪ್ಪತ್ತೆರಡು ಜನ ಸುತ್ತ ನಿಂತು ನೋಡಿದರು. ಈ ಸಲ ಯಾರೂ ಫೋಟೋ ತೆಗೆಯಲಿಲ್ಲ.

ಮಾರ್ಚ್ 24, ಸೋಮವಾರ, ಬೆಳಿಗ್ಗೆ 11:30. ಠಾಣೆಯಲ್ಲಿ ಧೂಳಪ್ಪ ದೋಷಾರೋಪ ಪಟ್ಟಿಯನ್ನು ಟೈಪು ಮಾಡುತ್ತಿದ್ದ. ಉದ್ದೇಶದ ಕಾಲಮ್ಮಿನಲ್ಲಿ, ಸಾರ್ವಜನಿಕವಾಗಿ ಆದ ಅವಮಾನವನ್ನು ತಾಳಲಾರದೆ, ತನ್ನಂತೆ ಇತರರೂ ಆಗಲೆಂದು ಕೃತ್ಯ ಎಸಗಿರುತ್ತಾಳೆ ಎಂದು ಇನ್‌ಸ್ಪೆಕ್ಟರ್ ಹೇಳಿ ಬರೆಸಿದ.

"ಸಾಕ್ಷಿ ಎಂಟ ಮಂದಿ ಆದ್ರು. ಮುಗೀತೇನ್ರಿ ಸಾಹೇಬ್ರ?"

"ಇನ್ನೊಬ್ಬಾವ ಅದಾನ. ನನ್ನ ಹೆಸರ ಹಾಕು."

"ತನಿಖಾಧಿಕಾರಿ ಅಂತ ಅದಕ್ಕ ಬ್ಯಾರೆ ಕಾಲಮ್ ಐತ್ರಿ."

"ಹಂಗಲ್ಲ. ನೋಡಿದವ ಅಂತ. ಫೈಲು ಬ್ಯಾರೆ ಅಧಿಕಾರಿಗಿ ಹೋದ್ರ ಹೋಗಲಿ, ಮ್ಯಾಲಿನವರಿಗಿ ನಾ ಬರೀತೇನಿ." ಅಬ್ದುಲರಜಾಕ ಕಿಟಕಿಯ ಕಡೆ ತಿರುಗಿದ. ಹೊರಗಿನ ಬಾಕು ಖಾಲಿಯಿತ್ತು. "ಬರಿ. ದಿನಾಂಕ 26-01-2025ರಂದು ಆರೋಪಿತಳ ಗಂಡನ ನೆನಪಿನ ಗಿಡಕ್ಕೆ ಕೆಂಪು ಅರಿವಿ ಕಟ್ಟಿದವನು ನಾನು. ಆಕೆ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ಆಕೆಯ ಮುಖ ನೋಡಲಿಲ್ಲ."

ಧೂಳಪ್ಪನ ಬೆರಳು ನಿಂತವು. "ಕಡೀ ಮಾತ ಕೇಸಿಗಿ ಬೇಕಾಗೂದಿಲ್ರಿ ಸಾಹೇಬ್ರ."

"ಬೇಕಾಗತೈತಿ. ಬರಿ."